ಜಂಗು ಹಿಡಿದ ಹಳೇ ಕಬ್ಬಿಣದ ರಂಧಾ ಮತ್ತ ಕೆಲಸಕ್ಕ ಬರೂವಂಗ ಮಾಡೋದು ಹೆಂಗ?

ಜಮಖಂಡಿ_ಕಟಗಿ

ಎಲ್ಲಾರಿಗೂ ನಮಸ್ಕಾರ್ರಿ. ಗುಜರಿ ಮಾಲಿನ್ಯಾಗ ಸಿಕ್ಕ ಸ್ಟ್ಯಾನ್ಲಿ ಕಂಪನಿಯ ರಂಧಾ (ಹಲಗಿ ಹೆರೆದು ನಯ ಮಾಡೋ ಉಜ್ಜುಗೊರಡು) ಒಂದು ಐತಿ. ಎರಕದಾಗ ‘ಬೇಯ್ಲಿ’, ‘ನಂ. 5’ ಅಂತ ಉಬ್ಬಕ್ಷರ ಅದಾವ. ಉದ್ದ 14 ಇಂಚು, ಅಲಗು 2 ಇಂಚು ಅಗಲ.

ತಳ ಪೂರಾ ಕೆಂಪಗಾಗೈತಿ, ಮೂತಿ ಕಡೆ ಸಣ್ಣ ಸಣ್ಣ ತಗ್ಗು ಬಿದ್ದಾವ. ಅಲಗು ಮತ್ತ ಅದರ ಮ್ಯಾಲಿನ ಕ್ಯಾಪ್ ಐರನ್ ಒಂದಕ್ಕೊಂದು ಕಚಗೊಂಡು ಕುಂತಾವ, ನಡುವಿನ ಸ್ಕ್ರೂ ತಿರಗವಲ್ದು. ಅಲಗು ಇಳಿಸಿ ಏರಿಸೋ ಹಿತ್ತಾಳಿ ನಟ್ಟೂ ಬಿಗಿದು ಕುಂತೈತಿ. ಹಿಂದಿನ ಹಿಡಿಕಿಯ ಕೊಂಬು ಮುರದೈತಿ. ಒಳಗಿನ ಕರಿ ಬಣ್ಣ ಮಾತ್ರ ಮುಕ್ಕಾಲು ಪಾಲು ಉಳದೈತಿ.

ಇದರಿಂದ ಸಾಗವಾನಿ ಚೌಕಟ್ಟು, ಜಾಲಿ ಹಲಗಿ ಹೊಡಿಬೇಕು. ಶೋಕೇಸಿನ್ಯಾಗ ಇಡೂದಕ್ಕಲ್ಲ. ಪಾಯಖಾನಿ ತೊಳಿಯೋ ಆಸಿಡ್‌ನ್ಯಾಗ ಅದ್ದಿದ್ರ ಒಂದು ತಾಸಿನ್ಯಾಗ ಬೆಳ್ಳಗ ಆಗ್ತೈತಿ ಅಂತ ಒಬ್ರು ಹೇಳಿದ್ರು; ಗ್ರೈಂಡರ್‌ಗೆ ಫ್ಲ್ಯಾಪ್ ಡಿಸ್ಕ್ ಹಾಕಿ ಹೊಡಿ ಅಂತ ಇನ್ನೊಬ್ರು. ಯಾವುದು ಸರಿ? ತಳ ಎಷ್ಟು ಸಪಾಟ ಆಗಬೇಕು? ಇಷ್ಟೆಲ್ಲಾ ಮಾಡೋವಷ್ಟು ಕಿಮ್ಮತ್ತು ಇದಕ್ಕೈತೇನು?

---

ಉದ್ಯಮಬಾಗ್_ಫಿಟ್ಟರ್

ಆಸಿಡ್ಡೂ ಬೇಡ, ಫ್ಲ್ಯಾಪ್ ಡಿಸ್ಕೂ ಬೇಡ. ತುಕ್ಕಿನ ಮಾತು ಆಮೇಲೆ. ಮೊದಲು ಬೀಡು ಬಿರುಕು ಬಿಟ್ಟಿದೆಯಾ ನೋಡಿ. ಬಿಟ್ಟಿದ್ದರೆ ಮುಂದಿನ ಕೆಲಸವೆಲ್ಲ ದಂಡ.

ಬೀಡು ಕಬ್ಬಿಣ ಬಾಗುವುದಿಲ್ಲ, ಕಲ್ಲು ನೆಲಕ್ಕೆ ಬಿದ್ದರೆ ಸೀಳುತ್ತದೆ. ಸೀಳು ಬೀಳುವ ಜಾಗಗಳೂ ಹೆಚ್ಚುಕಡಿಮೆ ಗೊತ್ತಿರುವಂಥವೇ: ಬಾಯಿಯ (ಅಲಗು ಹೊರಬರುವ ಸಂದಿನ) ಎರಡು ಮೂಲೆ, ಅಲ್ಲಿಂದ ಪಕ್ಕದ ಗೋಡೆಗೆ ಏರುವ ತಿರುವು, ಹಿಡಿಕೆಯ ರಾಡ್ ಕೂರುವ ಬುಡ. ಆ ಜಾಗಗಳನ್ನು ವೈರ್ ಬ್ರಷ್‌ನಿಂದ ಉಜ್ಜಿ, ಡೀಸೆಲ್ ಸವರಿ ಹತ್ತು ನಿಮಿಷ ಬಿಡಿ. ಒಣ ಬಟ್ಟೆಯಿಂದ ಪೂರ್ತಿ ಒರೆಸಿ ಮೇಲೆ ಸೀಮೆಸುಣ್ಣದ ಪುಡಿ ತಿಕ್ಕಿ. ಬಿರುಕಿದ್ದರೆ ಒಳಗಿಳಿದ ಡೀಸೆಲ್ ಹೊರಗೆ ಜಿನುಗಿ ಬಿಳಿಯ ಮೇಲೆ ಕರಿ ಗೆರೆ ಮೂಡುತ್ತದೆ. ಬಾಯಿಯಿಂದ ಗೋಡೆಗೆ ಏರಿದ ಗೆರೆ ಕಂಡರೆ ಆ ಬಾಡಿ ಬಿಟ್ಟುಬಿಡಿ, ಮಿಕ್ಕಿದ್ದನ್ನು ಬಿಡಿಭಾಗಕ್ಕೆ ಇಟ್ಟುಕೊಳ್ಳಿ. ಬೀಡನ್ನು ನಿಕಲ್ ರಾಡ್‌ನಿಂದ ಬೆಸೆಯುವವರು ಬೆಳಗಾವಿಯಲ್ಲಿ ಸಿಗುತ್ತಾರೆ. ಆದರೆ ಬೆಸೆದ ಮೇಲೆ ತಳ ಸೊಟ್ಟಗಾಗುತ್ತದೆ, ಅದನ್ನು ಮತ್ತೆ ಸಪಾಟು ಮಾಡುವ ಖರ್ಚಿನಲ್ಲಿ ಇನ್ನೊಂದು ಹಳೇ ರಂಧಾ ಬರುತ್ತದೆ.

ಬಿರುಕಿಲ್ಲವೆಂದರೆ ನಿಮ್ಮ ಪ್ರಶ್ನೆಗೆ ಉತ್ತರ: ಹೌದು, ಕಿಮ್ಮತ್ತಿದೆ. ನಂ. 5 ಒಂದೇ ಇದ್ದರೂ ಒರಟು ಹಲಗೆ ಇಳಿಸುವುದರಿಂದ ಚೌಕಟ್ಟಿನ ಅಂಚು ನೇರ ಮಾಡುವವರೆಗೆ ನಡೆಯುತ್ತದೆ.

ಈಗ ಬಿಚ್ಚುವುದು. ಹಿತ್ತಾಳೆ ನಟ್ಟನ್ನು ಪಕ್ಕಡದಿಂದ ಹಿಡಿದು ಎಡಕ್ಕೆ ತಿರುಗಿಸುತ್ತಿದ್ದರೆ ಈಗಲೇ ನಿಲ್ಲಿಸಿ. ಅದು ಎಡಮರೆ, ಅಂದರೆ ಉಲ್ಟಾ ಸುತ್ತಿನ ಥ್ರೆಡ್. ಹಿಂದಿನಿಂದ ನೋಡುವಾಗ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಹೊರಗೆ ಬರುತ್ತದೆ. ‘ಜಾಮ್ ಆಗಿದೆ’ ಎಂದು ಬರುವ ಅರ್ಧದಷ್ಟು ನಟ್ಟುಗಳು ಜಾಮ್ ಆಗಿರುವುದೇ ಇಲ್ಲ, ಉಲ್ಟಾ ಬಿಗಿದಿರುತ್ತವೆ. ಜೋರು ಮಾಡಿದರೆ ಫ್ರಾಗ್‌ನಿಂದ (ಅಲಗು ಒರಗುವ ಇಳಿಜಾರು ತುಂಡಿನಿಂದ) ಹೊರಬಂದ ಆ ಸಣ್ಣ ಕಡ್ಡಿ ತುಂಡಾಗುತ್ತದೆ. ಆ ಮರೆ ಅಂಗಡಿಯಲ್ಲಿ ಸಿಗುವುದಿಲ್ಲ: ಅಮೆರಿಕದ ಸ್ಟ್ಯಾನ್ಲಿಗಳಲ್ಲಿ ಇದು 9/32 ಇಂಚು, ಇಂಚಿಗೆ 24 ಸುತ್ತು, ಹಿಡಿಕೆಯ ರಾಡ್ 12 ನಂಬರ್, ಇಂಚಿಗೆ 20 ಸುತ್ತು. ಹತ್ತಿರದ ಎಂ ಸೈಜ್ (ಮಿಲಿಮೀಟರ್ ಅಳತೆಯ) ಮರೆ ಕೊರೆಯುವ ಟ್ಯಾಪ್ ತುರುಕಿದರೆ ಹಳೇ ಮರೆಯೂ ಹೋಯಿತು, ಹೊಸದೂ ನಿಲ್ಲುವುದಿಲ್ಲ.

ಕ್ಯಾಪ್ ಐರನ್ ಸ್ಕ್ರೂಗೆ: ಅಸಿಟೋನ್ ಮತ್ತು ಪವರ್ ಸ್ಟೀರಿಂಗ್ ಎಣ್ಣೆ ಸಮಸಮ ಕಲಿಸಿ ನಾಲ್ಕು ಹನಿ ಬಿಟ್ಟು ರಾತ್ರಿಯಿಡೀ ಬಿಡಿ. ಎರಡೂ ತಾನಾಗಿ ಬೆರೆತು ನಿಲ್ಲುವುದಿಲ್ಲ, ಹಚ್ಚುವ ಮುಂಚೆ ಪ್ರತಿ ಸಲ ಅಲ್ಲಾಡಿಸಬೇಕು. ಅಸಿಟೋನ್ ಹಚ್ಚಿದ ಮೇಲೆ ಹತ್ತಿರ ಬೆಂಕಿ ತರಬೇಡಿ. ಸ್ಕ್ರೂ ತಲೆಯ ಮೇಲಿನ ಕಚ್ಚು ಅಗಲ, ಹಾಗಾಗಿ ಡ್ರೈವರ್ ತುದಿ ಅದರ ಪೂರ್ತಿ ಅಗಲಕ್ಕೆ ಕೂರಬೇಕು. ಸಣ್ಣದು ಹಾಕಿದರೆ ಕಚ್ಚಿನ ತುಟಿ ಕಿತ್ತುಬರುತ್ತದೆ. ಡ್ರೈವರ್ ಇಟ್ಟು ಹಿಂದಿನಿಂದ ಎರಡು ಹಗುರ ಏಟು, ಮೊದಲು ಕೂದಲೆಳೆಯಷ್ಟು ಬಿಗಿ, ಆಮೇಲೆ ಸಡಿಲ.

ಫ್ರಾಗ್ ಹಿಡಿದಿರುವ ಎರಡು ಸ್ಕ್ರೂ ಅಲಗಿನ ಕೆಳಗೆ ಇವೆ. ಅವನ್ನೂ ಬಿಚ್ಚಿ. ಫ್ರಾಗ್ ಕೆಳಗಿನ ತುಕ್ಕು ತೆಗೆಯದೆ ತಳ ಎಷ್ಟೇ ಮಿಂಚಿಸಿದರೂ ಅಲಗು ನಡುಗುವುದು ತಪ್ಪುವುದಿಲ್ಲ.

ಆಸಿಡ್ ಬೇಡ ಅಂದದ್ದು ಯಾಕೆಂದರೆ, ಪಾಯಖಾನೆಯದು ಹೈಡ್ರೋಕ್ಲೋರಿಕ್. ತುಕ್ಕು ತಿಂದು ಮುಗಿಸಿ ಕಬ್ಬಿಣಕ್ಕೇ ಬಾಯಿ ಹಾಕುತ್ತದೆ. ಎರಕದ ರಂಧ್ರಗಳಲ್ಲಿ ಉಳಿದ ಕ್ಲೋರೈಡ್ ಎಷ್ಟು ತೊಳೆದರೂ ಹೋಗದೆ ಮತ್ತೆ ತುಕ್ಕು ಎಬ್ಬಿಸುತ್ತದೆ. ಗಡಸು ಅಲಗಿನ ಒಳಗೆ ಹೈಡ್ರೋಜನ್ ಸೇರಿ ಅಂಚು ಪೆಳಸಾಗುತ್ತದೆ. ಅದರ ಹೊಗೆಗೆ ಅದೇ ಕೋಣೆಯ ಉಳಿ, ಗರಗಸ ಎಲ್ಲ ಕೆಂಪಗಾಗುತ್ತವೆ. ಫ್ಲ್ಯಾಪ್ ಡಿಸ್ಕ್ ತಳದಲ್ಲಿ ಅಲೆ ಕೊರೆಯುತ್ತದೆ, ಅದನ್ನು ತೆಗೆಯಲು ಅರ್ಧ ಮಿಲಿಮೀಟರ್ ಲೋಹ ಸವೆಸಬೇಕಾಗುತ್ತದೆ.

---

ಮಹಾಲಿಂಗಪುರ_ಗಾಣ

ನಮ್ಮ ಕಡೆ ಕಾಕಂಬಿ ಇರೂಮುಂದ ಅಂಗಡಿ ರಸಾಯನ ಯಾಕ್ರಿ? ಗಾಣದಾಗಿನ ಹಳೇ, ತಿನ್ನಾಕ ಬರಲಾರದ ಕಾಕಂಬಿ ಒಂದು ಪಾಲು, ನೀರು ಒಂಬತ್ತು ಪಾಲು. ಪ್ಲಾಸ್ಟಿಕ್ ಡಬ್ಬಿಯೊಳಗ ಕಲಿಸಿ ರಂಧಾದ ಕಬ್ಬಿಣದ ಭಾಗ ಮುಳಗೂವಂಗ ಇಡ್ರಿ. ಹಿತ್ತಾಳಿ, ಕಟ್ಟಿಗಿ ಮೊದಲ ತಗೀರಿ. ಬ್ಯಾಸಿಗ್ಯಾಗ ಐದಾರು ದಿನ, ಥಂಡಿಯೊಳಗ ಹತ್ತು ದಿನದ ಮ್ಯಾಲ. ಎರಡು ದಿನಕ್ಕೊಮ್ಮೆ ತಗದು ನಾರಿನ ಬ್ರಷ್ ಹಚ್ಚಿ ನೋಡ್ರಿ. ತುಕ್ಕು ಕರಿ ರಾಡಿಯಾಗಿ ಜಾರತೈತಿ, ಚಲೋ ಕಬ್ಬಿಣಕ್ಕ ಅಷ್ಟಾಗಿ ಧಕ್ಕಿ ಇಲ್ಲ. ಕಾಕಂಬಿಯೊಳಗಿನ ಆಮ್ಲಗಳು ತುಕ್ಕಿನ ಕಬ್ಬಿಣವನ್ನ ಹಿಡಕೊಂಡು ನೀರಿಗೆ ಬಿಡ್ತಾವ, ಅಷ್ಟ ಆಟ.

ಎರಡು ಮಾತು. ಒಂದು, ಅದು ಹುಳಿ ಬಂದು ನೊರಿ ಏಳತೈತಿ, ಮುಚ್ಚಳ ಗಟ್ಟಿ ಹಾಕಬ್ಯಾಡ್ರಿ, ವಾಸನಿ ಭಾಳ. ನೊಣಕ್ಕ ಮ್ಯಾಲೊಂದು ಅರಿವಿ ಕಟ್ರಿ. ಎರಡು, ಬೀಡನ್ನ ಅದರಾಗ ಮರತು ತಿಂಗಳಗಟ್ಟಲೆ ಬಿಟ್ರ ಮ್ಯಾಲಿನ ಪದರ ಮೆತ್ತಗ ಕರ್ರಗ ಆಗಿ ಉಗುರಿಗೆ ಬರತೈತಿ. ಕಬ್ಬಿಣ ಹೋಗಿ ಗ್ರಾಫೈಟ್ ಉಳಿಯೂದು ಅದು. ಸಕ್ಕರಿ ಫ್ಯಾಕ್ಟರಿ ಕಾಕಂಬಿ ಬೆನ್ನು ಹತ್ತಬ್ಯಾಡ್ರಿ, ಅದಕ್ಕ ಅಬಕಾರಿ ಕಾಯ್ದೆ ಅದಾವ. ಗಾಣದ್ದು ಸಾಕು.

---

ವಿಜಯಪುರ_ಬೆಂಚು

ಕಾಕಂಬಿ ಕೆಲಸ ಮಾಡುತ್ತದೆ, ಸುಳ್ಳಲ್ಲ. ಆದರೆ ಒಂದು ರಂಧಾಗೆ ವಾರಗಟ್ಟಲೆ ಆ ನಾತ ಸಹಿಸುವ ಅಗತ್ಯವಿಲ್ಲ. ಕಿರಾಣಿಯ ನಿಂಬೆ ಉಪ್ಪು ಸಾಕು.

ನಂ. 5 ಬಾಡಿ ಮುಳುಗಲು ಉದ್ದನೆಯ ಟ್ರೇಯಲ್ಲಿ ಸುಮಾರು 5 ಲೀಟರ್ ಬೇಕು. ಲೀಟರಿಗೆ 50 ಗ್ರಾಂ ಲೆಕ್ಕದಲ್ಲಿ 250 ಗ್ರಾಂ ನಿಂಬೆ ಉಪ್ಪು. ಮೊದಲು ಜಿಡ್ಡು ಪೂರ್ತಿ ಹೋಗುವಂತೆ ಪಾತ್ರೆ ಸೋಪಿನಿಂದ ತೊಳೆಯಿರಿ. ಎಣ್ಣೆ ಇದ್ದಲ್ಲಿ ದ್ರಾವಣ ಮುಟ್ಟುವುದಿಲ್ಲ, ಮಚ್ಚೆ ಮಚ್ಚೆಯಾಗಿ ಉಳಿಯುತ್ತದೆ. ಎರಡು ಗಂಟೆಗೊಮ್ಮೆ ತೆಗೆದು ಉಜ್ಜಿ. ಬರಿ ಲೋಹದಿಂದ ಸಣ್ಣ ಗುಳ್ಳೆ ಎದ್ದರೆ ತುಕ್ಕು ಮುಗಿದು ಕಬ್ಬಿಣ ಕರಗತೊಡಗಿದೆ ಎಂದರ್ಥ, ಆಗ ತೆಗೆಯಬೇಕು. ರಾತ್ರಿಯಿಡೀ ಬಿಟ್ಟು ಮಲಗುವವರು ಬೇರೆ ಪಾಕ ಮಾಡಿಕೊಳ್ಳಲಿ: ಲೀಟರಿಗೆ 100 ಗ್ರಾಂ ನಿಂಬೆ ಉಪ್ಪು, ಅದಕ್ಕೆ ಒಣ ಸೋಡಾ ಆಶ್ 50ರಿಂದ 60 ಗ್ರಾಂ ಚೂರು ಚೂರಾಗಿ, ಒಂದು ಚಮಚ ಪಾತ್ರೆ ಸೋಪು. ಸೋಡಾ ಹಾಕುವಾಗ ಉಕ್ಕಿ ಬರುತ್ತದೆ, ಬಕೆಟ್ ದೊಡ್ಡದಿರಲಿ. ಹುಳಿ ಬಹುಪಾಲು ತಣಿದಿರುವುದರಿಂದ ಇದು ತುಕ್ಕನ್ನು ಹಿಡಿಯುತ್ತದೆ, ಒಳ್ಳೆಯ ಲೋಹವನ್ನು ಅಷ್ಟಾಗಿ ತಿನ್ನುವುದಿಲ್ಲ.

ಎಲ್ಲರೂ ಎಡವುವುದು ತೊಳೆಯುವಾಗ. ಹೊರತೆಗೆದ ಬೀಡು ಗಾಳಿಗೆ ಐದು ನಿಮಿಷದಲ್ಲಿ ಅರಿಶಿನ ಬಣ್ಣಕ್ಕೆ ತಿರುಗುತ್ತದೆ. ಲೀಟರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡಾ ಹಾಕಿದ ನೀರಲ್ಲಿ ಅದ್ದಿ, ಕೊನೆಗೆ ಕುದಿಯುವ ನೀರು ಸುರಿಯಿರಿ. ಬಿಸಿಗೆ ತಾನೇ ಒಣಗುತ್ತದೆ. ಆ ಕೊನೆಯ ನೀರು ಬೋರ್‌ವೆಲ್‌ದಾಗಿರಬಾರದು. ನಮ್ಮ ಜಿಲ್ಲೆಯ ಎಷ್ಟೋ ಬೋರಿನ ನೀರು ಉಪ್ಪು, ಒಣಗಿದ ಮೇಲೆ ಆ ಉಪ್ಪೇ ತೇವ ಎಳೆಯುತ್ತದೆ. ಆರ್‌ಓ ನೀರು ಅಥವಾ ಬ್ಯಾಟರಿಗೆ ತುಂಬುವ ಡಿಸ್ಟಿಲ್ಡ್ ನೀರು ಒಂದು ಲೀಟರ್ ಸಾಕು. ಕೈಗೆ ಬಿಸಿ ತಾಗುವಾಗಲೇ ಹೊಲಿಗೆ ಯಂತ್ರದ ಎಣ್ಣೆ ಹಚ್ಚಿ. ಕುಸುಬೆ ಎಣ್ಣೆ ಬೇಡ, ಅದು ಒಣಗಿ ಗೋಂದಾಗುತ್ತದೆ, ಆರು ತಿಂಗಳಿಗೆ ನಟ್ಟು ಮತ್ತೆ ಹಿಡಿದುಕೊಳ್ಳುತ್ತದೆ.

12 ವೋಲ್ಟ್ ಚಾರ್ಜರ್ ಹಚ್ಚಿ ಸೋಡಾ ಆಶ್ ಕರಗಿಸಿದ ನೀರಲ್ಲಿ ತುಕ್ಕು ಬಿಡಿಸುವ ವಿಧಾನವೂ ಇದೆ. ರಂಧಾ ಋಣಕ್ಕೆ, ಗುಜರಿ ಕಬ್ಬಿಣ ಧನಕ್ಕೆ. ಧನದ ಕಡೆ ಸ್ಟೇನ್‌ಲೆಸ್ ಚಮಚ, ತಟ್ಟೆ ಹಾಕಬೇಡಿ, ವಿಷಕಾರಿ ಕ್ರೋಮಿಯಂ ನೀರಿಗಿಳಿಯುತ್ತದೆ. ಅಡುಗೆ ಉಪ್ಪು ಹಾಕಿದರೆ ಕ್ಲೋರಿನ್. ಗುಳ್ಳೆಯಾಗಿ ಏಳುವುದು ಹೈಡ್ರೋಜನ್, ಬಯಲಲ್ಲೇ ಮಾಡಬೇಕು. ಆದರೆ ಈ ವಿಧಾನ ಕರಿ ಬಣ್ಣವನ್ನು ಎಬ್ಬಿಸಿಬಿಡುತ್ತದೆ. ನಿಮ್ಮದರಲ್ಲಿ ಮುಕ್ಕಾಲು ಪಾಲು ಉಳಿದಿರುವಾಗ ಅದನ್ನು ಯಾಕೆ ಕಳೆಯಬೇಕು?

---

ಜಮಖಂಡಿ_ಕಟಗಿ

ಬಿರುಕು ಇಲ್ಲ. ನಟ್ಟು ಬಲಕ್ಕ ತಿರಗಿಸಿದ್ರ ಬಂತು! ನಿಂಬಿ ಉಪ್ಪಿನ್ಯಾಗ ಹಾಕಿದ್ದಾತು, ಬೂದು ಬಣ್ಣದ ಚಲೋ ಬೀಡು ಕಾಣಾಕತ್ತೈತಿ. ಈಗ ಕಾಣೋ ತೊಂದರಿ: ತಳದ ಮ್ಯಾಲ ಸ್ಟೀಲ್ ಪಟ್ಟಿ ಇಟ್ರ ಬಾಯಿ ಹತ್ರ ಬೆಳಕು ಹಾಯ್ತೈತಿ. ಅಲಗಿನ ಬೆನ್ನಿಗೆ, ಅಂಚಿನಿಂದ ಒಂದೆರಡು ಮಿಲಿಮೀಟರ್ ಒಳಗ ತುಕ್ಕಿನ ತಗ್ಗು ಅದಾವ. ಹೊಸ ಅಲಗು ತರಲೇನು?

---

ಇಳಕಲ್_ಸಪಾಟ

ತಳದ ವಿಚಾರ ಹೇಳ್ತೀನಿ. ತಳ ಪೂರಾ ಕನ್ನಡಿ ಆಗೂದು ಬ್ಯಾಡ. ನಾಕು ಜಾಗ ಒಂದ ಮಟ್ಟಕ್ಕ ಬಂದ್ರ ಸಾಕು: ಮೂತಿಯ ತುದಿ, ಬಾಯಿಯ ಮುಂದಿನ ಅಂಚು, ಬಾಯಿಯ ಹಿಂದಿನ ಅಂಚು, ಹಿಮ್ಮಡಿ. ನಡುವ ಉಳಿದ ತಗ್ಗು, ತುಕ್ಕಿನ ಕಲಿ ಯಾವ ಕಟ್ಟಿಗಿಗೂ ಗೊತ್ತಾಗೂದಿಲ್ಲ. ಬಾಯಿಯ ಮುಂದಿನ ಅಂಚು ಮಾತ್ರ ತಗ್ಗಿನ್ಯಾಗ ಇರಬಾರದು. ಅದು ಸಿಪ್ಪಿ ಮ್ಯಾಲ ಒತ್ತಿ ಹಿಡಿದಿದ್ರನ ಎಳಿ ಕೀಳೂದಿಲ್ಲ. ಪಟ್ಟಿ ಕೆಳಗ 0.05 ಮಿಮೀ ಫೀಲರ್ (ಸಂದು ಅಳಿಯೋ ತೆಳು ತಗಡು) ಹೋಗಲಿಲ್ಲಂದ್ರ ನಂ. 5ಕ್ಕ ಅದು ಸಪಾಟನ.

ತಳ ತಿಕ್ಕಾಕ ಸಪಾಟ ಗಾಜು ಹುಡುಕಬ್ಯಾಡ್ರಿ. ಗ್ರಾನೈಟ್ ಪಾಲಿಶ್ ಮಾಡೋ ಕಡೆ 18-20 ಮಿಮೀ ದಪ್ಪದ ತುಂಡು ಬಿಸಾಕಿರತಾರ. 24 ಇಂಚು ಉದ್ದ, 8 ಇಂಚು ಅಗಲದ್ದು ಆರಿಸ್ರಿ. ಆದ್ರ ಪಾಲಿಶ್ ಇದ್ದದ್ದೆಲ್ಲಾ ಸಪಾಟ ಅಲ್ಲ. ಎರಡೂ ಕರ್ಣಕ್ಕ ಪಟ್ಟಿ ಇಟ್ಟು ಹಿಂದ ಬ್ಯಾಟರಿ ಹಿಡಿದು ನೋಡ್ರಿ, ಸ್ಲ್ಯಾಬಿನ ಅಂಚಿನ ಎರಡು ಇಂಚು ಸಾಮಾನ್ಯವಾಗಿ ಇಳದಿರತೈತಿ.

80 ನಂಬರಿನ ಬಟ್ಟಿ ಬೆನ್ನಿನ ಎಮರಿ ಹಾಳಿಯನ್ನ ಆ ಗ್ರಾನೈಟ್ ಕಲ್ಲಿಗೆ ಅಂಟಿಸಬೇಕು. ಬರೇ ಹಾಸಿ ತಿಕ್ಕಿದ್ರ ರಂಧಾದ ಮುಂದ ಕಾಗದ ಅಲಿಯಂಗ ಏಳತೈತಿ, ಮೂತಿ ಮತ್ತ ಹಿಮ್ಮಡಿ ಗುಂಡಗ ಆಗ್ತಾವ. ತಳ ಕೆಡೂದು ಹೆಚ್ಚಾಗಿ ಹಿಂಗ. ಫ್ರಾಗ್, ಅಲಗು, ಲಿವರ್ ಕ್ಯಾಪ್ (ಅಲಗು ಒತ್ತಿ ಹಿಡಿಯೋ ಮ್ಯಾಲಿನ ತುಂಡು) ಎಲ್ಲಾ ಜೋಡಿಸಿ, ಕೆಲಸದಾಗ ಎಷ್ಟು ಬಿಗಿ ಇರತೈತೋ ಅಷ್ಟ ಬಿಗಿದು, ಅಲಗು ಮಾತ್ರ ಒಳಗ ಎಳದು ತಿಕ್ರಿ. ಆ ಬಿಗಿಗೆ ಬೀಡು ಕೂದಲೆಳಿಯಷ್ಟು ಬಾಗತೈತಿ. ಬಿಚ್ಚಿ ತಿಕ್ಕಿದ ತಳ ಜೋಡಿಸಿದ ಮ್ಯಾಲ ಬ್ಯಾರೇನ ಆಗಿರತೈತಿ.

ತಳಕ್ಕ ಮಾರ್ಕರ್‌ನಿಂದ ಅಡ್ಡ ಗೆರಿ ಎಳೀರಿ. ಕೈ ಕೆಳಗಿರಲಿ, ಮ್ಯಾಲಿಂದ ಹೇರಬ್ಯಾಡ್ರಿ. ಇಪ್ಪತ್ತು ಎಳತಕ್ಕೊಮ್ಮೆ ಕಬ್ಬಿಣದ ಪುಡಿ ಬ್ರಷ್‌ನಿಂದ ತಗೀರಿ, ರಂಧಾ ತಿರುವಿ ಹಿಡೀರಿ. ಆ ನಾಕೂ ಜಾಗದ ಗೆರಿ ಅಳಿಸಿದ್ರ 80 ಮುಗೀತು. ಆಮ್ಯಾಲ 120, 220. ಅದರ ಮ್ಯಾಲ ಹೋಗೂದು ಚಂದಕ್ಕಷ್ಟ.

---

ಉದ್ಯಮಬಾಗ್_ಫಿಟ್ಟರ್

ಸರ್ಫೇಸ್ ಗ್ರೈಂಡಿಂಗ್‌ಗೆ (ಯಂತ್ರದಲ್ಲಿ ತಳ ಸಪಾಟು ಮಾಡಿಸಲು) ಕೊಡುವ ಯೋಚನೆ ಇರುವವರಿಗೆ ಒಂದು ಮಾತು. ಆ ಯಂತ್ರದ ಮ್ಯಾಗ್ನೆಟಿಕ್ ಚಕ್ (ಕಾಂತದ ಹಿಡಿಪಟ್ಟೆ) ತೆಳು ಎರಕವನ್ನು ಎಳೆದು ಸಪಾಟು ಮಾಡಿ ಹಿಡಿಯುತ್ತದೆ, ಗ್ರೈಂಡ್ ಮಾಡಿ ಬಿಟ್ಟೊಡನೆ ತಳ ತನ್ನ ಹಳೇ ಬಾಗಿಗೆ ಮರಳುತ್ತದೆ. ಕೆಳಗೆ ಶಿಮ್ (ತೆಳು ತಗಡು) ತುಂಬಿ, ಕಡಿಮೆ ಹಿಡಿತದಲ್ಲಿ, ಪ್ರತಿ ಸಲ 0.01 ಮಿಮೀ ಮೀರದಂತೆ ಇಳಿಸಿ ಎಂದು ಆಪರೇಟರ್‌ಗೆ ಮೊದಲೇ ಹೇಳಿ. 0.3 ಮಿಮೀಗಿಂತ ಕಡಿಮೆ ತಗ್ಗಿದ್ದರೆ ಕೈಯಲ್ಲೇ ತಿಕ್ಕುವುದು ಲೇಸು.

---

ಖಾನಾಪುರ_ಸಾಗವಾನಿ

ಅಲಗು ಎಸೆಯಬೇಡಿ. ತಗ್ಗು ಅಂಚಿನಿಂದ ಎರಡು ಮಿಮೀ ಒಳಗಿದೆ ಅಂದರೆ ಇವತ್ತಿಗೆ ಅದು ತೊಂದರೆಯೇ ಅಲ್ಲ, ಮಸೆಯುತ್ತಾ ಅಂಚು ಅಲ್ಲಿಗೆ ತಲುಪಿದಾಗ ತೊಂದರೆ. ತಗ್ಗು ಅಂಚಿಗೆ ಬಂದಲ್ಲಿ ಹಲಗೆಯ ಮೇಲೆ ಉದ್ದಕ್ಕೂ ಒಂದು ಏರುಗೆರೆ ಬೀಳುತ್ತದೆ. ಅದಕ್ಕೆ ಪರಿಹಾರ: ಕಲ್ಲಿನ ಒಂದು ಅಂಚಿಗೆ 0.5 ಮಿಮೀ ದಪ್ಪದ ಸ್ಟೀಲ್ ಸ್ಕೇಲ್ ಇಟ್ಟು, ಅಲಗಿನ ಹಿಂಭಾಗ ಅದರ ಮೇಲೆ, ತುದಿ ಮಾತ್ರ ಕಲ್ಲಿಗೆ ತಾಗುವಂತೆ ಬೆನ್ನು ಉಜ್ಜಿ. ತುದಿಯ ಒಂದೆರಡು ಮಿಮೀ ಮಾತ್ರ ಒಂದು ಡಿಗ್ರಿಗೂ ಕಡಿಮೆ ಕೋನದಲ್ಲಿ ಸಾಫಾಗುತ್ತದೆ, ಆಳವಿಲ್ಲದ ತಗ್ಗು ಅಲ್ಲಿಗೆ ಮಾಯ. ಇದು ರಂಧಾ ಅಲಗಿಗೆ ಮಾತ್ರ, ಉಳಿಗೆ ಎಂದೂ ಮಾಡಬಾರದು; ಉಳಿಯ ಬೆನ್ನು ಪೂರ್ತಿ ಸಪಾಟಿರಬೇಕು.

ಬೆವೆಲ್ (ಅಲಗಿನ ಇಳಿಜಾರು ಮುಖ) 25 ಡಿಗ್ರಿ, ತುದಿ 30. ಕೋನಮಾಪಕ ಬೇಡ: ಅಲಗಿನ ದಪ್ಪ 2 ಮಿಮೀ ಇದ್ದರೆ 25ಕ್ಕೆ ಬೆವೆಲ್‌ನ ಉದ್ದ 4.7 ಮಿಮೀ, 30ಕ್ಕೆ 4 ಮಿಮೀ. ಬೆಂಚ್ ಗ್ರೈಂಡರ್‌ನಲ್ಲಿ ಹಿಡಿದರೆ ಎರಡೆರಡು ಸೆಕೆಂಡಿಗೆ ನೀರಿಗೆ. ಅಂಚು ನೀಲಿಗೆ ತಿರುಗಿತೆಂದರೆ ಪದ (ಉಕ್ಕಿನ ಗಡಸುತನ) ಇಳಿಯಿತು, ಅಷ್ಟು ಭಾಗ ಉಜ್ಜಿ ತೆಗೆಯದೆ ಹರಿತ ನಿಲ್ಲುವುದಿಲ್ಲ. ಆಮೇಲೆ ಎಣ್ಣೆಕಲ್ಲಿನ ಒರಟು ಮುಖದಲ್ಲಿ ಬರ್ (ಅಂಚಿನ ಹಿಂದೆ ಕೈಗೆ ತಾಗುವ ಸಣ್ಣ ಲೋಹದ ಎಳೆ) ಅಗಲಕ್ಕೂ ಏಳುವವರೆಗೆ, ನಯ ಮುಖದಲ್ಲಿ ಅದು ತೆಳುವಾಗುವವರೆಗೆ, ಕೊನೆಗೆ ಚರ್ಮದ ಮೇಲೆ. ಅಥಣಿ ಕಡೆ ಚಪ್ಪಲಿ ಮಾಡುವವರ ಹತ್ತಿರ ತೊಗಟೆಯಲ್ಲಿ ಹದ ಮಾಡಿದ ದಪ್ಪ ಚರ್ಮದ ತುಂಡು ಕೇಳಿ, ಹಲಗೆಗೆ ಅಂಟಿಸಿ, ಹಸಿರು ಪಾಲಿಶ್ ಸವರಿ. ಎಳೆಯುವುದು ಹಿಂದಕ್ಕೆ ಮಾತ್ರ, ಮುಂದಕ್ಕೆ ದೂಡಿದರೆ ಚರ್ಮ ಕೊಯ್ಯುತ್ತದೆ.

ನನ್ನ ಲೆಕ್ಕದಲ್ಲಿ ಇಡೀ ರಂಧಾದಲ್ಲಿ ಹೆಚ್ಚು ಗಮನ ಬೇಕಾದದ್ದು ಕ್ಯಾಪ್ ಐರನ್‌ಗೆ, ಜನ ಕಡಿಮೆ ನೋಡುವುದೂ ಅದನ್ನೇ. ಅಲಗಿಗೆ ಜೋಡಿಸಿ ಬೆಳಕಿಗೆ ಹಿಡಿಯಿರಿ. ತುದಿಯಲ್ಲಿ ಎಳೆ ಬೆಳಕು ಕಂಡರೂ ಸಿಪ್ಪೆ ಅಲ್ಲಿ ನುಗ್ಗಿ ಬಾಯಿ ಕಟ್ಟುತ್ತದೆ. ಕಲ್ಲಿನ ಮೇಲೆ ಅದರ ತುದಿಯ ಕೆಳಭಾಗ ಇಟ್ಟು, ಬಾಲದ ಕಡೆ ಕಲ್ಲಿನ ಮಟ್ಟಕ್ಕಿಂತ ಚೂರು ಕೆಳಗೆ ಇಳಿಬಿಟ್ಟು ಉಜ್ಜಿದರೆ, ಮುಂದಿನ ಅಂಚು ಮಾತ್ರ ಅಲಗಿಗೆ ತಾಗುತ್ತದೆ. ಮೇಲ್ಭಾಗದ ತುದಿಗೆ 45-50 ಡಿಗ್ರಿಯ ಸಣ್ಣ ಬೆವೆಲ್ ಕೊಡಿ.

ಜೋಡಿಸುವ ಅಂತರ: ಒರಟು ಇಳಿಸುವುದಕ್ಕೆ ಅಲಗಿನ ಅಂಚಿನಿಂದ 1-1.5 ಮಿಮೀ. ಜಾಲಿಯಲ್ಲಿ ಎಳೆ ತಿರುಗಿ ಕೀಳುವಾಗ 0.2-0.3 ಮಿಮೀಗೆ ತನ್ನಿ, ಸಿಪ್ಪೆ ಅಲ್ಲೇ ಮಡಿಚಿ ಮುರಿಯುತ್ತದೆ, ಎಳೆ ಬೇರುಸಮೇತ ಏಳುವುದಿಲ್ಲ. ಬಾಯಿ ಸಣ್ಣದು ಮಾಡಲು ಅರ ಹಿಡಿಯಬೇಡಿ, ಫ್ರಾಗ್ ಮುಂದೆ ಸರಿಸಿ. ಸಾಗವಾನಿ ಮೆದುವಾಗಿ ಕೊಯ್ಯುತ್ತದೆ, ಆದರೆ ಅದರೊಳಗೆ ಸಿಲಿಕಾ ಇರುವುದರಿಂದ ಅಂಚು ಬೇಗ ಮೊಂಡಾಗುತ್ತದೆ. ಕಲ್ಲು ಬೆಂಚಿನ ಮೇಲೇ ಇರಲಿ.

ತಳಕ್ಕೆ ಮೇಣದಬತ್ತಿಯಿಂದ ಎರಡು ಗೆರೆ ಎಳೆದರೆ ತಳ್ಳುವ ಶ್ರಮ ಅರ್ಧಕ್ಕೆ ಬರುತ್ತದೆ. ನಮ್ಮ ಕಡೆಯ ಮಳೆಗಾಲದಲ್ಲಿ ಬೆಂಚಿನ ಹೊಟ್ಟಿನ ಮೇಲೆ ರಂಧಾ ಬಿಟ್ಟು ಹೋದರೆ ಬೆಳಗಾಗುವಷ್ಟರಲ್ಲಿ ತಳಕ್ಕೆ ಕೆಂಪು ಬಂದಿರುತ್ತದೆ, ಹೊಟ್ಟು ತೇವ ಹಿಡಿದಿಡುತ್ತದೆ.

---

ವಿಜಯಪುರ_ಬೆಂಚು

ಹಿಡಿಕೆಯ ಮಾತು ಉಳಿದಿತ್ತಲ್ಲ. ಮುರಿದ ಕೊಂಬಿಗೆ ಹೊಸ ಶೀಶಂ ತುಂಡು ಎಪಾಕ್ಸಿಯಲ್ಲಿ ಅಂಟಿಸಿ ಅರದಿಂದ ಆಕಾರ ಕೊಡಿ. ಜೋಡಿಸುವ ಎರಡೂ ಮುಖ ಸಪಾಟಿರಲಿ, ಎಳೆಯ ದಿಕ್ಕು ಹೊಂದಿರಲಿ. ರಾಡ್ ಪೂರ್ತಿ ಬಿಗಿದರೂ ಹಿಡಿಕೆ ಅಲುಗಾಡಿದರೆ ಮರೆ ಹೋಗಿದೆ ಅಂದುಕೊಳ್ಳಬೇಡಿ. ನಮ್ಮ ಒಣ ಹವೆಗೆ ಕಟ್ಟಿಗೆ ಕುಗ್ಗಿ ರಾಡ್ ಉದ್ದವಾಗಿಬಿಟ್ಟಿರುತ್ತದೆ, ಬುಡಕ್ಕೆ ತಾಗಿ ನಿಲ್ಲುತ್ತದೆ. ಹಿತ್ತಾಳೆ ನಟ್ಟಿನ ಕೆಳಗೆ ಒಂದು ತೆಳು ವಾಷರ್, ಇಲ್ಲವೇ ರಾಡಿನ ತುದಿ 1-2 ಮಿಮೀ ಅರ ಹೊಡೆಯಿರಿ. ಕಟ್ಟಿಗೆಗೆ ಅಗಸೆ ಎಣ್ಣೆ ಹಚ್ಚಿದರೆ ಆ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿ ಕಾದು ಹೊತ್ತಿಕೊಳ್ಳುತ್ತದೆ. ಬಿಡಿಸಿ ಬಯಲಲ್ಲಿ ಒಣಹಾಕಿ.

---

ಜಮಖಂಡಿ_ಕಟಗಿ

ಜೋಡಿಸಿದ್ದಾತು. ಸಾಗವಾನಿ ಮ್ಯಾಲ ಸುರುಳಿ ಚಂದ ಬರ್ತೈತಿ. ಜಾಲಿ ಮ್ಯಾಲ ಮಾತ್ರ ಟರ್‍ರ್ ಅಂತ ನಡಗತೈತಿ, ಹಲಗಿ ಮ್ಯಾಲ ಸಣ್ಣ ಅಡ್ಡ ಗೆರಿ ಬೀಳ್ತಾವ.

---

ಖಾನಾಪುರ_ಸಾಗವಾನಿ

ಅಲಗಿಗೆ ಆಸರೆ ಸಾಲುತ್ತಿಲ್ಲ. ಈ ಕ್ರಮದಲ್ಲಿ ನೋಡಿ. ಲಿವರ್ ಕ್ಯಾಪ್ ಸ್ಕ್ರೂ ಕಾಲು ಸುತ್ತು ಬಿಗಿ ಮಾಡಿ. ಲಿವರ್ ಹೆಬ್ಬೆರಳಿಗೆ ಗಟ್ಟಿಯಾಗಿ ಮುಚ್ಚಬೇಕು, ಸುತ್ತಿಗೆ ಬೇಕಾಗುವಷ್ಟು ಬಿಗಿದರೆ ಲಿವರ್ ಕ್ಯಾಪೇ ಸೀಳುತ್ತದೆ. ಹೋಗಲಿಲ್ಲವೆಂದರೆ ಫ್ರಾಗ್ ಬಿಚ್ಚಿ ಅದರ ಕೂರುವ ಮುಖಕ್ಕೆ ಮಾರ್ಕರ್ ಬಳಿದು ಕೂರಿಸಿ, ಚೂರು ಅಲುಗಾಡಿಸಿ ತೆಗೆದು ನೋಡಿ. ಒಂದೇ ಮೂಲೆಯಲ್ಲಿ ಬಣ್ಣ ಅಳಿಸಿದ್ದರೆ ಅಲ್ಲಿ ತುಕ್ಕಿನ ಹಕ್ಕಳೆಯೋ ಬಣ್ಣದ ಗಡ್ಡೆಯೋ ಉಳಿದಿದೆ, ನಯ ಅರದಿಂದ ಎರಡು ಏಟು ಸಾಕು. ಅಲಗು ಕೂರುವ ಇಳಿಜಾರು ಮುಖಕ್ಕೂ ಇದೇ ಪರೀಕ್ಷೆ. ಬಾಯಿ ಹತ್ತಿರದ ಕೊನೆಯ ಕಾಲು ಇಂಚು ಅಲಗಿಗೆ ತಾಗಲೇಬೇಕು. ಇದೆಲ್ಲಕ್ಕೂ ಮುಂಚೆ ಹಿತ್ತಾಳೆ ನಟ್ಟು ಅರ್ಧ ಸುತ್ತು ತಿರುಗಿಸಿ ಅಲಗನ್ನು ಒಳಗೆ ಎಳೆದು ನೋಡಿ, ಜಾಲಿಗೆ ಸಾಗವಾನಿಯಷ್ಟು ದಪ್ಪ ಸಿಪ್ಪೆ ಕೇಳಬಾರದು. ಒಳಗೆ ಎಳೆದ ಮೇಲೆ ನಟ್ಟನ್ನು ಮತ್ತೆ ಮುಂದಕ್ಕೆ ತಿರುಗಿಸಿ ಸಡಿಲು ತೆಗೆಯುವುದು ಮರೆಯಬೇಡಿ, ಇಲ್ಲದಿದ್ದರೆ ಅಲಗು ಎರಡು ಎಳೆತಕ್ಕೆ ಹಿಂದೆ ಸರಿದು ಏನೂ ಕೊಯ್ಯುವುದಿಲ್ಲ.

---

ಜಮಖಂಡಿ_ಕಟಗಿ

ಫ್ರಾಗಿನ ಎಡಗಡೆ ಮೂಲಿಯೊಳಗ ಬಣ್ಣದ ಗಡ್ಡಿ ಇತ್ರಿ. ಅರ ಹಚ್ಚಿದ ಮ್ಯಾಲ ನಡಗೂದು ನಿಂತೈತಿ.